ಅಕ್ಕಸಾಲಿಗರ ತಕ್ಕಡಿಯಲ್ಲಿ ಉಪ್ಪು

‘ಉಪ್ಪು ಕಡಿಮೆ ಮಾಡಿ’ ಎಂದು ಹೇಳಿ ಹೇಳಿ ನನಗೇ ಬೇಸರ ಬಂದಿತ್ತು. ಗಂಗಾವತಿಯ ನನ್ನ ಕ್ಲಿನಿಕ್ಕಿಗೆ ಬರುವ ಬಿ.ಪಿ. ರೋಗಿಗಳೆಲ್ಲ ತಲೆಯಾಡಿಸುತ್ತಾರೆ, ಹೊರಗೆ ಹೋಗಿ ಒಗ್ಗರಣೆ-ಮಿರ್ಚಿ ತಿನ್ನುತ್ತಾರೆ. ಇನ್ನೊಂದು ತೊಡಕೂ ಇದೆ. ಉಪ್ಪು ಎಲ್ಲರಿಗೂ ಒಂದೇ ರೀತಿ ತಾಗುವುದಿಲ್ಲ. 1986ರಲ್ಲಿ ಅಮೆರಿಕದ ವೈನ್‌ಬರ್ಗರ್ ಮತ್ತು ಸಂಗಡಿಗರು 4 ಗಂಟೆಯಲ್ಲಿ 2 ಲೀಟರ್ ಸಲೈನ್, ಅಂದರೆ ಉಪ್ಪುನೀರು, ಏರಿಸಿ, ಮರುದಿನ ತೀರಾ ಕಡಿಮೆ ಉಪ್ಪಿನ ಊಟದ ಜೊತೆ ಮೂತ್ರ ಹೋಗಿಸುವ ಮಾತ್ರೆ ಕೊಟ್ಟು ನೋಡಿದರು. ಬಿ.ಪಿ. ಇದ್ದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯ ಸರಾಸರಿ ಒತ್ತಡ 10 ಅಂಕಿ ಅಥವಾ ಅದಕ್ಕೂ ಹೆಚ್ಚು ಇಳಿಯಿತು. ನಮ್ಮಂಥ ಕ್ಲಿನಿಕ್ಕಿನಲ್ಲಿ ಅದು ಆಗುವ ಮಾತಲ್ಲ. ಉಪ್ಪು ಯಾರಿಗೆ ತಾಗುತ್ತದೆಂದು ತಿಳಿಯಲು ನಾನು ಹಿಡಿದದ್ದು ಊಟದ ದಾರಿ: ಕೆಲವು ದಿನ ಉಪ್ಪು ಇಳಿಸಿ ಬಿ.ಪಿ. ನೋಡುವುದು.

ಮೊದಲ ಸಲ ಎಡವಿದೆ. ಮೂತ್ರದ ಮಾತ್ರೆ ನುಂಗುತ್ತಿದ್ದ ಹಮಾಲರೊಬ್ಬರಿಗೆ ಏಪ್ರಿಲ್ ಬಿಸಿಲಿನಲ್ಲಿ ಉಪ್ಪು ಬಿಡಿಸಿದೆ. ನಾಲ್ಕನೆಯ ದಿನ ಅವರು ರೈಸ್ ಮಿಲ್ಲಿನಲ್ಲಿ ತಲೆ ಸುತ್ತಿ ಕುಳಿತುಬಿಟ್ಟರು. ತಪ್ಪು ನನ್ನದೇ. ಅಂದಿನಿಂದ ಬೇಸಿಗೆಯಲ್ಲಿ ಈ ಪರೀಕ್ಷೆ ಮಾಡುವುದಿಲ್ಲ. ಮೂತ್ರಪಿಂಡ ಅಥವಾ ಹೃದಯ ಸೋತವರನ್ನೂ ಗರ್ಭಿಣಿಯರನ್ನೂ ಇದಕ್ಕೆ ಎಳೆಯುವುದಿಲ್ಲ.

ನನಗೆ ಕಣ್ಣು ತೆರೆಸಿದವರು ಖಾನಾವಳಿ ನಡೆಸುವ, ಐವತ್ತು ದಾಟಿದ ಹೆಣ್ಣುಮಗಳು. “ಸರ್, ರೊಟ್ಟಿಗೆ ನಾನು ಉಪ್ಪೇ ಹಾಕುವುದಿಲ್ಲ” ಎಂದು ವಾದಕ್ಕಿಳಿದರು. ನಿಜ, ಜೋಳದ ರೊಟ್ಟಿ ಸಪ್ಪೆಯೇ. ಆದರೆ ಅದರ ಜೊತೆಗಿರುವ ಶೇಂಗಾ ಚಟ್ನಿಪುಡಿ, ಕೆಂಪು ಖಾರ, ಉಪ್ಪಿನಕಾಯಿ, ಬಾಳಕದ ಮೆಣಸಿನಕಾಯಿ? “ಅಕ್ಕಾ, ವಾದ ಬೇಡ, ಅಳೆದು ನೋಡೋಣ” ಎಂದೆ.

ದೀಪಾವಳಿಯ ಗದ್ದಲ ಮುಗಿದ ಮೇಲೆ ಶುರು ಮಾಡಿದೆವು. ಒಂದು ವಾರ ಎಂದಿನ ಊಟ, ಒಂದು ವಾರ ಕಡಿಮೆ ಉಪ್ಪು, ಮತ್ತೊಂದು ವಾರ ಎಂದಿನ ಊಟ. ಮಾತ್ರೆ ಬದಲಿಸಲಿಲ್ಲ. ಬೆಳಿಗ್ಗೆ ಮಾತ್ರೆ ನುಂಗುವ ಮೊದಲು ಎರಡು ಸಲ, ರಾತ್ರಿ ಎರಡು ಸಲ, ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕುಳಿತು ಬಿ.ಪಿ. ನೋಡಿ ಬರೆಯಬೇಕು. ಕಡಿಮೆ ಉಪ್ಪಿನ ವಾರಕ್ಕೆ ದಿನಕ್ಕೆ 3 ಗ್ರಾಂನ ಪೊಟ್ಟಣ. ಕಿರಾಣಿ ಅಂಗಡಿಯ ತಕ್ಕಡಿಗೆ ಅಷ್ಟು ಸಣ್ಣ ತೂಕ ನಿಲುಕದು. ಪರಿಚಯದ ಅಕ್ಕಸಾಲಿಗರು ಬಂಗಾರದ ತಕ್ಕಡಿಯಲ್ಲಿ ಏಳು ಪೊಟ್ಟಣ ತೂಗಿಕೊಟ್ಟರು, ಕೂಲಿ ಕೇಳಲಿಲ್ಲ.

ಮೊದಲ ಎರಡು ವಾರಗಳ ಕೊನೆಯಲ್ಲಿ 24 ಗಂಟೆಯ ಮೂತ್ರ ಸಂಗ್ರಹ. ಬೆಳಗಿನ ಮೊದಲ ಮೂತ್ರ ಬಿಟ್ಟು, ಮರುದಿನ ಅದೇ ಹೊತ್ತಿನದನ್ನು ಸೇರಿಸಿಕೊಳ್ಳುವವರೆಗೆ ಎಲ್ಲವೂ ಕ್ಯಾನಿಗೆ. ನಾಚಿಕೊಂಡ ಅವರು ಕ್ಯಾನನ್ನು ಅಕ್ಕಿಚೀಲದಲ್ಲಿ ಸುತ್ತಿ ತಂದರು. ಸೋಡಿಯಂ 204 ಮಿಲಿಮೋಲ್ ಬಂತು. 17 ಮಿಲಿಮೋಲ್‌ಗೆ ಒಂದು ಗ್ರಾಂ ಉಪ್ಪೆಂದರೆ 12 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 5 ಗ್ರಾಂಗಿಂತ ಕಡಿಮೆ. ಎರಡನೆಯ ವಾರ 85 ಮಿಲಿಮೋಲ್, ಅಂದರೆ 5 ಗ್ರಾಂ. ಪೊಟ್ಟಣದಲ್ಲಿದ್ದದ್ದು ಮೂರೇ; ಉಳಿದದ್ದರಲ್ಲಿ ಹೆಚ್ಚಿನ ಪಾಲು ಗಿರಾಕಿಗಳ ಪಲ್ಯ ರುಚಿ ನೋಡುವಾಗ ಒಳಹೋದದ್ದೆಂದು ಅವರೇ ಒಪ್ಪಿಕೊಂಡರು.

ವಾರದ ಸರಾಸರಿಗಳು: 150/90, 134/82, ಮತ್ತೆ 148/90. ಕೆಳಗಿನ ಅಂಕಿಗೆ ಎರಡರ ಅಂತರದ ಮೂರನೇ ಒಂದು ಭಾಗ ಕೂಡಿಸಿದರೆ ಸರಾಸರಿ ಒತ್ತಡ: 110, 99, 109. ಇಳಿದು ಮತ್ತೆ ಏರಿದ್ದರಿಂದ ನನಗೆ ನಂಬಿಕೆ ಬಂತು. ಇಳಿದದ್ದೊಂದೇ ಆಗಿದ್ದರೆ ವಿಶ್ರಾಂತಿಯ ಫಲವೆಂದು ತಳ್ಳಿಹಾಕುತ್ತಿದ್ದೆ.

ಅದೇ ತಿಂಗಳು ನಿವೃತ್ತ ಮೇಷ್ಟ್ರೊಬ್ಬರು ಅಕ್ಷರಶಃ ವ್ರತ ಹಿಡಿದಂತೆ ಪಾಲಿಸಿದರು. ಅಂಕಿ ಎರಡು ಇಳಿಯಿತು, ಅಷ್ಟೇ. ವರ್ಷಗಟ್ಟಲೆ ಅವರನ್ನು ಉಪ್ಪಿನ ನೆಪದಲ್ಲಿ ಗದರಿದ್ದಕ್ಕೆ ಕ್ಷಮೆ ಕೇಳಿ ಮಾತ್ರೆ ಬದಲಿಸಿದೆ. ಹಾಗೆಂದು ಉಪ್ಪಿಗೆ ಪರವಾನಗಿ ಕೊಡಲಿಲ್ಲ. ಒಂದು ವಾರದ ಲೆಕ್ಕ ಜೀವನಪೂರ್ತಿಯ ತೀರ್ಪಲ್ಲ.

ಸೈಂಧವ ಲವಣ ತಿನ್ನಲೇ ಎಂದು ಹಲವರು ಕೇಳುತ್ತಾರೆ. ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ. ಪೊಟ್ಯಾಸಿಯಂ ಬೆರೆತ ಉಪ್ಪನ್ನು ಮೂತ್ರಪಿಂಡದ ಪರೀಕ್ಷೆ ಮಾಡಿಸದೆ, ನುಂಗುವ ಮಾತ್ರೆ ಯಾವುದೆಂದು ನೋಡದೆ ನಾನು ಬರೆದುಕೊಡುವುದಿಲ್ಲ.

ಖಾನಾವಳಿಯ ಅಕ್ಕ ಈಗ ಚಟ್ನಿಪುಡಿಗೆ ಉಪ್ಪು ಇಳಿಸಿ ಹುಣಸೆ, ಬೆಳ್ಳುಳ್ಳಿ ಹೆಚ್ಚಿಸಿದ್ದಾರೆ. ಬಿ.ಪಿ. ಪುಸ್ತಕ ಮಾತ್ರ ಬಿಟ್ಟಿಲ್ಲ. ಎಳ್ಳಮಾವಾಸ್ಯೆಯ ಮರುದಿನದ ಸಾಲಿನಲ್ಲಿ 146/88 ಎಂದಿದೆ. ಪಕ್ಕದಲ್ಲಿ ಅವರದೇ ಅಕ್ಷರ: “ಹೊಲದಲ್ಲಿ ಚರಗದ ಊಟ.”