ಕ್ಲಾಸಿಕ್ ಕೃತಿಗಳ ವಕೀಲರನ್ನು ಓದುವುದು ಹೇಗೆ?

ಹಳೆಯ ಕಾದಂಬರಿಯಲ್ಲಿ ವಕೀಲ ಬಂದ ಕೂಡಲೇ ಅವನು ಒಳ್ಳೆಯವನೋ ಕೆಟ್ಟವನೋ ಎಂದು ತೂಗಲು ಹೊರಟರೆ ಪಾತ್ರ ಕೈತಪ್ಪುತ್ತದೆ. ಮೊದಲು ಅವನ ಕೆಲಸ ನೋಡಿ. ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ಯಾರ ಪರ, ಯಾರ ದುಡ್ಡು, ಯಾವ ಕಾಗದ. ಉತ್ತರ ಸಿಕ್ಕಲ್ಲೆಲ್ಲ ಅಧ್ಯಾಯದ ಸಂಖ್ಯೆ ಬರೆದುಕೊಳ್ಳಿ. ಪುಟದ ಸಂಖ್ಯೆ ನಂಬಬೇಡಿ, ಅದು ಮುದ್ರಣದಿಂದ ಮುದ್ರಣಕ್ಕೆ ಬದಲಾಗುತ್ತದೆ.

ಇಂಗ್ಲೆಂಡಿನ ಕೃತಿಯಾದರೆ ಅವನು ಸಾಲಿಸಿಟರೋ ಬ್ಯಾರಿಸ್ಟರೋ ಎಂಬುದು ಮೊದಲೇ ಇತ್ಯರ್ಥವಾಗಬೇಕು. ಕಕ್ಷಿದಾರರನ್ನು ಕಂಡು, ಕಾಗದಪತ್ರ ಕಾಯುವವನು ಸಾಲಿಸಿಟರ್. ವಿಗ್ ತೊಟ್ಟು ಮೇಲಿನ ಕೋರ್ಟುಗಳಲ್ಲಿ ವಾದ ಮಾಡುವವನು ಬ್ಯಾರಿಸ್ಟರ್. ಅನುವಾದದಲ್ಲಿ ಇಬ್ಬರೂ 'ವಕೀಲ'ರಾಗಿಬಿಡುವುದರಿಂದ ಓದುಗರು ಎಡವುವುದು ಇಲ್ಲೇ.

ಕಾಗದದ ಕಾಲಂಗೆ ಡಿಕನ್ಸ್‌ನ 'ಬ್ಲೀಕ್ ಹೌಸ್' (1852-53) ತಕ್ಕ ಪಾಠ. ಎರಡನೇ ಅಧ್ಯಾಯದಲ್ಲಿ ಸಾಲಿಸಿಟರ್ ಟಲ್ಕಿಂಗ್‌ಹಾರ್ನ್ ಓದುತ್ತಿದ್ದ ಅಫಿಡವಿಟ್ ಅವನ ಕಕ್ಷಿದಾರನ ಹೆಂಡತಿ ಲೇಡಿ ಡೆಡ್‌ಲಾಕ್ ಕಣ್ಣಿಗೆ ಬೀಳುತ್ತದೆ. ಇದನ್ನು ನಕಲು ಮಾಡಿದವರು ಯಾರು ಎಂದು ಆಕೆ ಕೇಳಿಬಿಡುತ್ತಾಳೆ. ಅಕ್ಷರದ ಗುರುತು ಸಿಕ್ಕಿದ್ದು ಆಕೆಗೆ, ಆಕೆಯ ಗುಟ್ಟಿನ ಎಳೆ ಸಿಕ್ಕಿದ್ದು ಅವನಿಗೆ. ದಾವೆಯ ಮಾತು ಬೇಸರವೆಂದು ಆ ಪುಟ ಹಾರಿಸಿದವರಿಗೆ ಮುಂದೆ ಅವನ ಪತ್ತೇದಾರಿಕೆಗೆ ಕಾರಣವೇ ತಿಳಿಯುವುದಿಲ್ಲ. ಅದೇ ಕಾದಂಬರಿಯಲ್ಲಿ ಖರ್ಚಿನ ಮಾತು ಬಂದಲ್ಲೆಲ್ಲ ಗೆರೆ ಹಾಕಿ. ತಲೆಮಾರುಗಳಿಂದ ಎಳೆದ ಮೊಕದ್ದಮೆ ಕೊನೆಗೆ ಮುಗಿಯುವುದು ಕೋರ್ಟಿನ ಖರ್ಚೇ ಇಡೀ ಆಸ್ತಿಯನ್ನು ನುಂಗಿದ್ದರಿಂದ.

ವಕೀಲ ಬಾಯಿ ಬಿಡದಿದ್ದಾಗ ಅವನ ಕೈ ನೋಡಿ. 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' (1860-61) ಕಾದಂಬರಿಯ ಜ್ಯಾಗರ್ಸ್ ಪೊಲೀಸ್ ಕೋರ್ಟಿನಿಂದ ಬಂದಾಗ, ಕಕ್ಷಿದಾರನನ್ನು ಕಳಿಸಿದಾಗ, ಪರಿಮಳದ ಸೋಪು ಹಚ್ಚಿ ಕೈ ತೊಳೆಯುತ್ತಾನೆ. 26ನೇ ಅಧ್ಯಾಯದಲ್ಲಿ ಅಷ್ಟಕ್ಕೇ ನಿಲ್ಲುವುದಿಲ್ಲ: ಮುಖ ತೊಳೆದು, ಬಾಯಿ ಮುಕ್ಕಳಿಸಿ, ಚಾಕು ತೆಗೆದು ಉಗುರಿನ ಸಂದಿಯನ್ನೂ ಕೆರೆಯುತ್ತಾನೆ. ಅಂದಿನ ಕೇಸು ಎಂಥದೆಂದು ಲೇಖಕ ಬೇರೆ ಹೇಳಬೇಕಿಲ್ಲ. ಇಂಥ ಅಭ್ಯಾಸ ಎಷ್ಟು ಸಲ ಬಂತು ಎನ್ನುವುದಕ್ಕಿಂತ ಯಾವಾಗ ಹೆಚ್ಚಾಯಿತು ಎಂಬುದನ್ನು ಗುರುತಿಸಿ.

ಕೋರ್ಟಿನ ದೃಶ್ಯವನ್ನು ಎರಡು ಸಲ ಓದಲೇಬೇಕು. ಎರಡನೆಯ ಸಲ ವಾದದ ಆವೇಶ ಬದಿಗಿಟ್ಟು ಸಾಕ್ಷ್ಯ ಮಾತ್ರ. 'ಟು ಕಿಲ್ ಎ ಮಾಕಿಂಗ್‌ಬರ್ಡ್' (1960) ಕಾದಂಬರಿಯಲ್ಲಿ ಪೊಲೀಸ್ ಅಧಿಕಾರಿಯಾದ ಶೆರೀಫ್ ಮೊದಲು, ಅತ್ಯಾಚಾರವಾಯಿತೆಂದು ದೂರಿದ ಬಿಳಿಯ ಹುಡುಗಿ ಮೇಯೆಲ್ಲಾಳ ಎಡಗಣ್ಣಿಗೆ ಪೆಟ್ಟಾಗಿತ್ತು ಎನ್ನುತ್ತಾನೆ. ಎಡ ಯಾರ ಕಡೆಯಿಂದ ಎಂದು ಆರೋಪಿಯ ವಕೀಲ ಆಟಿಕಸ್ ಫಿಂಚ್ ಬಿಡಿಸಿ ಕೇಳಿದ ಮೇಲೆ ಅದು ಬಲಗಣ್ಣೆಂದು ತಿದ್ದಿಕೊಳ್ಳುತ್ತಾನೆ. ಇಲ್ಲಿ ಓದುಗರಿಗೂ ಎಡಬಲ ಗೊಂದಲವಾಗುತ್ತದೆ, ಆದ್ದರಿಂದ ಹಾಳೆಯ ಮೇಲೆ ಎದುರುಬದುರು ನಿಂತ ಇಬ್ಬರ ಚಿತ್ರ ಬರೆದುಕೊಳ್ಳಿ. ಎದುರಿಗಿದ್ದವರ ಬಲಗೆನ್ನೆಗೆ ಸಲೀಸಾಗಿ ಬೀಳುವುದು ಹೊಡೆದವರ ಎಡಗೈ ಏಟು. ಆಮೇಲೆ ಆಟಿಕಸ್ ಹುಡುಗಿಯ ತಂದೆಯ ಕೈಲಿ ಲಕೋಟೆಯ ಮೇಲೆ ಹೆಸರು ಬರೆಸುತ್ತಾನೆ, ಅವನು ಎಡಚ. ಕಪ್ಪು ಜನಾಂಗದ ಆರೋಪಿ ಟಾಮ್ ರಾಬಿನ್‌ಸನ್‌ನ ಎಡಗೈ ಹತ್ತಿ ಯಂತ್ರಕ್ಕೆ ಸಿಕ್ಕಿ ಊನವಾದದ್ದು. ಮೂರನ್ನೂ ಜೋಡಿಸಿದರೆ ಪಾಟೀಸವಾಲು ಹೇಗೆ ಹೆಣೆದಿದೆ ಎಂದು ಕಾಣುತ್ತದೆ. ಇಷ್ಟಾದ ಮೇಲೂ ಜ್ಯೂರಿ ಅವನನ್ನೇ ಅಪರಾಧಿ ಎನ್ನುವಾಗ, ಆ ತೀರ್ಪು ಸಾಕ್ಷ್ಯದಿಂದ ಬಂದದ್ದಲ್ಲ, ಬಣ್ಣದಿಂದ ಬಂದದ್ದು ಎಂಬುದು ಎದೆಗೆ ನಾಟುತ್ತದೆ. ದುಡ್ಡಿನ ಕಾಲಂನಲ್ಲಿ ಇದನ್ನೂ ಬರೆಯಿರಿ: ಈ ಕೇಸನ್ನು ಒಪ್ಪಿಸಿದ್ದು ನ್ಯಾಯಾಧೀಶ, ಇನ್ನೊಬ್ಬ ಬಡ ಕಕ್ಷಿದಾರ ಫೀಸಿನ ಬದಲು ಸೌದೆ ತಂದಿಡುತ್ತಾನೆ.

ಶೇಕ್ಸ್‌ಪಿಯರ್‌ನ 'ದಿ ಮರ್ಚೆಂಟ್ ಆಫ್ ವೆನಿಸ್' ನಾಟಕದ ಪೋರ್ಷಿಯಾಳನ್ನು ಸಾಲಗಾರ ಆಂಟೋನಿಯೋನ ವಕೀಲೆ ಎಂದು ಬರೆಯುವುದು ಸಾಮಾನ್ಯ ತಪ್ಪು. ಗಂಡುವೇಷದಲ್ಲಿ ಬಂದ ಆಕೆ ಯಾರ ಪರವಾಗಿಯೂ ನಿಲ್ಲುವುದಿಲ್ಲ. ಕಾನೂನು ಪಂಡಿತನಾಗಿ ತೀರ್ಪು ಹೇಳಲು ಕೂರುತ್ತಾಳೆ. ಸಾಲ ತೀರದಿದ್ದರೆ ಕೊಯ್ದುಕೊಳ್ಳಲು ಕರಾರಿನಲ್ಲಿ ಆಂಟೋನಿಯೋನ ಒಂದು ಪೌಂಡ್ ಮಾಂಸವಿದೆ, ರಕ್ತದ ಮಾತಿಲ್ಲ ಎಂದು ಅಕ್ಷರಕ್ಕೆ ಅಕ್ಷರ ಓದಿ ಗೆಲ್ಲುತ್ತಾಳೆ. ಆದರೆ ಆ 3000 ಡುಕಾಟ್ ಸಾಲ ಎತ್ತಿದ್ದು ಆಕೆಯ ಗಂಡ ಬಸಾನಿಯೋಗಾಗಿ. 'ಯಾರ ಪರ' ಕಾಲಂನಲ್ಲಿ ಈ ನಂಟು ಬರೆದಿಟ್ಟು, ಸಾಲ ಕೊಟ್ಟ ಶೈಲಾಕ್‌ನ ಜಾಗದಲ್ಲಿ ನಿಂತು ಆ ದೃಶ್ಯವನ್ನು ಇನ್ನೊಮ್ಮೆ ಓದಿ.