ಕವಳ ಹಾಕುವ ವ್ಯಾಂಪೈರ್

ನಾನು ಬರೆಯುವುದು ಪ್ರೇಮಕಾದಂಬರಿ. ಕೊನೆಗೆ ಇಬ್ಬರೂ ಒಂದಾಗುತ್ತಾರೆ ಎಂಬ ಭರವಸೆಯಿಂದಲೇ ಓದುಗರು ಮೊದಲ ಪುಟ ತೆರೆಯುತ್ತಾರೆ. ಆ ಭರವಸೆಗೆ ಮೋಸವಾಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ನಾಯಕ ರಕ್ತ ಹೀರಿ ಬದುಕುವ ವ್ಯಾಂಪೈರ್ ಆದರೆ ಕೆಲಸ ಇನ್ನೂ ಕಷ್ಟ, ಅದಕ್ಕೇ ನನಗೆ ಅವನ ಮೇಲೆ ಅಷ್ಟು ಆಸೆ. ಯಾರನ್ನು ಪ್ರೀತಿಸುತ್ತಾನೋ ಅವಳ ಮೇಲೆಯೇ ಅವನಿಗೆ ಹಸಿವು. ಜಾತಿ, ಆಸ್ತಿ, ಖಳನಾಯಕ ಅಂತ ಅಡ್ಡಿಗಳನ್ನು ಹೊರಗಿನಿಂದ ತರಬೇಕಾಗಿಲ್ಲ, ಅವನ ಮೈಯೊಳಗೇ ಇದೆ.

ಆದರೆ ಅವನನ್ನು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಗೆ ಕರೆತರುವುದು ಹೇಗೆ? ಕೋಟೆ, ಶವಪೆಟ್ಟಿಗೆ, ಬೆಳ್ಳುಳ್ಳಿ ಮಾಲೆ ತಂದಿಟ್ಟರೆ ನಮ್ಮವರು ನಂಬುವುದಿಲ್ಲ. ಚೌಡಿಯನ್ನೋ ಭೂತವನ್ನೋ ರಕ್ತ ಕುಡಿಯುವ ಹಾಗೆ ಮಾಡುವುದು ಸುಲಭದ ದಾರಿ. ನಾನು ಅದನ್ನು ಮಾಡಲಾರೆ. ಅವಕ್ಕೆ ಊರಲ್ಲಿ ಬನವಿದೆ, ಪೂಜೆಯಿದೆ, ನಂಬಿ ನಡೆದುಕೊಳ್ಳುವ ಮನೆಗಳಿವೆ. ಹಾಗಾಗಿ ನನ್ನವನು ಎಲ್ಲಿಂದಲೋ ಬಂದು ಮಳೆಗೆ ಸಿಕ್ಕಿಬಿದ್ದ ಪರಊರಿನವನು.

ರಕ್ತ ಹೀರುವುದು ಅಂದರೇನು ಎಂದು ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮಳೆಗಾಲದಲ್ಲಿ ತೋಟಕ್ಕೆ ಹೋಗಿ ಬಂದರೆ ಉಂಬಳ, ಅಂದರೆ ನೆಲದ ಜಿಗಣೆ, ಕಚ್ಚಿದ್ದು ಗೊತ್ತಾಗುವುದೇ ಕಾಲ ಮೇಲೆ ರಕ್ತ ಇಳಿದಾಗ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶವಿದೆ, ಅದು ಉದುರಿಹೋದ ಮೇಲೂ ಗಾಯ ಸೋರುತ್ತಲೇ ಇರುತ್ತದೆ. ನನ್ನ ನಾಯಕನ ಕಚ್ಚುವಿಕೆಗೆ ಇದನ್ನೇ ಇಟ್ಟುಕೊಂಡೆ: ನೋವಾಗುವುದಿಲ್ಲ, ನಿಲ್ಲುವುದೂ ಇಲ್ಲ. ಅಂದಮೇಲೆ 'ಒಂದೇ ಒಂದು ಹನಿ' ಎಂಬುದು ಅವನಿಂದಾಗದ ಮಾತು. ಈ ನಿಯಮ ಸಿಕ್ಕಿದ ಮೇಲೆ ಕಥೆಯ ಅರ್ಧ ದಾರಿ ತಾನಾಗಿ ತೆರೆದುಕೊಂಡಿತು. ಭಯದ ದೃಶ್ಯಗಳಿಗೆ ಉಣುಗು, ಅಂದರೆ ಮೈಗೆ ಕಚ್ಚಿಕೊಳ್ಳುವ ಉಣ್ಣೆಹುಳ, ನೆರವಾಯಿತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣುಗು ಕಚ್ಚಿ. ಕಾಡಲ್ಲಿ ಮಂಗ ಸತ್ತು ಬಿದ್ದಿದೆಯಂತೆ ಎಂಬ ಸುದ್ದಿ ಬಂದಾಗ ದರಗು, ಅಂದರೆ ಉದುರಿದ ಒಣ ಎಲೆ, ತರಲು ಹೋಗುವ ಹೆಂಗಸರ ಮುಖ ಹೇಗಾಗುತ್ತದೆ ಎಂದು ನೋಡಿದ್ದೇನೆ. ಬರೆಯುವಾಗ ಆ ಮುಖಗಳೇ ಎದುರಿಗೆ ಇರುತ್ತವೆ.

ಬಿಸಿಲಿನ ವಿಷಯಕ್ಕೆ ಹಳೆಯ ಪುಸ್ತಕಗಳನ್ನು ನೋಡಬೇಕಾಯಿತು. 1897ರ 'ಡ್ರಾಕುಲಾ' ಕಾದಂಬರಿಯ ಕೌಂಟ್ ಹಗಲಲ್ಲೂ ಓಡಾಡುತ್ತಾನೆ, ಶಕ್ತಿ ಕುಂದಿರುತ್ತದೆ ಅಷ್ಟೆ. ಬಿಸಿಲು ತಾಗಿ ಸಾಯುವುದು ಶುರುವಾದದ್ದು 1922ರ ಜರ್ಮನ್ ಮೂಕಿಚಿತ್ರ 'ನೊಸ್ಫೆರಾಟು'ವಿನಿಂದ. ನಾನು ಹಳೆಯದನ್ನೇ ಆರಿಸಿಕೊಂಡೆ. ಹಗಲಿಗೂ ದೀಪ ಹಾಕಬೇಕಾದ ಆಷಾಢದಲ್ಲಿ ಅವನು ಬಲವಾಗಿರುತ್ತಾನೆ. ದಸರಾ ಕಳೆದು ಬಿಸಿಲು ಬಲಿಯುತ್ತಿದ್ದಂತೆ ಸೊರಗುತ್ತಾನೆ.

ಮೊದಲ ಓದುಗರು ನನ್ನ ದೊಡ್ಡಮ್ಮ. ಅವರು ಕೇಳಿದ್ದು ಬಿಸಿಲಿನ ಬಗ್ಗೆ ಅಲ್ಲ. "ಅಲ್ಲ ಮಾರಾಯ್ತಿ, ಮನೆಗೆ ಬಂದವ್ನು ಏನೂ ಮುಟ್ಟಲ್ಲ ಅಂದ್ರೆ ಸುಮ್ನೆ ಬಿಡ್ತಾರಾ? ಏಕಾದಶಿ ಅಂತ ದಿನಾ ಹೇಳಕ್ಕಾಗತ್ತಾ?" ಪೂರ್ತಿ ನಿಜ. ಊಟಕ್ಕೇಳಿ ಎಂಬ ಒತ್ತಾಯದಿಂದ ನಮ್ಮಲ್ಲಿ ಯಾರೂ ತಪ್ಪಿಸಿಕೊಂಡವರಿಲ್ಲ. ಕೊನೆಗೆ ಅವನ ಕೈಗೆ ಎಲೆಅಡಿಕೆ ತಟ್ಟೆ ಕೊಟ್ಟೆ. ಹೊಟ್ಟೆ ಸರಿಯಿಲ್ಲ ಅನ್ನುತ್ತಾನೆ, ಕವಳ ಮಾತ್ರ ಬೇಡ ಅನ್ನುವುದಿಲ್ಲ. ಬಾಯಿ ಸದಾ ಕೆಂಪಗಿದ್ದರೆ ಅನುಮಾನ ಪಡುವವರು ಯಾರು?

ಇಡೀ ಕಾದಂಬರಿಯಲ್ಲಿ ನಾನು ಹೆಚ್ಚು ಸಲ ತಿದ್ದಿ ಬರೆದದ್ದು ಅಡಿಕೆ ಸುಲಿಯುವ ರಾತ್ರಿಯನ್ನು. ಕೊಯ್ಲಿನ ಕಾಲದಲ್ಲಿ ಮನೆಮನೆಯ ಅಂಗಳವೂ ಸರಿರಾತ್ರಿವರೆಗೆ ಎಚ್ಚರವಾಗಿರುತ್ತದೆ. ರಾತ್ರಿಯೇ ಚುರುಕಾಗುವವನು ಯಾರ ಕಣ್ಣಿಗೂ ವಿಚಿತ್ರವಾಗಿ ಕಾಣದೆ ಕೂರಬಹುದಾದ ಜಾಗ ಅದೊಂದೇ. ಒಲೆಯ ಮೇಲೆ ಅಡಿಕೆ ಬೇಯುತ್ತಿದೆ, ಚೊಗರು ಕೆಂಪಾಗಿ ಕುದಿಯುತ್ತಿದೆ, ಸಾಲಾಗಿ ಕೂತ ಹೆಂಗಸರ ಮಾತು ನಿಂತಿಲ್ಲ. ನಾಯಕಿಯ ಬೆರಳು ಮೆಟ್ಟುಗತ್ತಿಗೆ ತಾಗುತ್ತದೆ. ಯಾರೋ "ಅರಿಶಿನ ತಾರೇ" ಅನ್ನುತ್ತಾರೆ. ಅವನು ಎದುರಿಗೇ ಇದ್ದಾನೆ. ಅವನು ಎದ್ದು ಕತ್ತಲಿಗೆ ಓಡಿದರೆ ಅದು ಸಿನಿಮಾ. ನನ್ನವನು ಸುಲಿದ ಅಡಿಕೆಯ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡು ಕೂತೇ ಇರುತ್ತಾನೆ. ಅವಳಿಗೆ ಅವನ ಪ್ರೀತಿ ತಿಳಿಯುವುದು ಆಗ.

ಇನ್ನು ಪ್ರಕಟಣೆ. ಧಾರಾವಾಹಿಯಾಗಿ ಬರುವಾಗ ಕಷ್ಟವಾಗಲಿಲ್ಲ, ಪುಸ್ತಕ ಮಾಡಹೊರಟಾಗ ಒಬ್ಬ ಪ್ರಕಾಶಕರು ಕೊನೆಯಲ್ಲಿ ಅವನನ್ನು ಸಾಯಿಸಿ ಎಂದರು. ದುರಂತವಾದರೆ ವಿಮರ್ಶಕರು ಎತ್ತಿಕೊಳ್ಳುತ್ತಾರಂತೆ. ನಾನು ಹಸ್ತಪ್ರತಿ ವಾಪಸ್ ತಂದೆ. ನನ್ನ ಕಥೆಯಲ್ಲಿ ಅವನು ಬೇಸಿಗೆಯಲ್ಲೂ ಊರು ಬಿಡದೆ ಉಳಿಯುತ್ತಾನೆ, ಬಿಸಿಲಿಗೆ ಮೈಯೊಡ್ಡಿ ಅವಳ ಜೊತೆಗೇ ಮುದುಕನಾಗುತ್ತಾನೆ. ಇದಕ್ಕಿಂತ ಸುಖದ ಮುಕ್ತಾಯ ನನಗೆ ಗೊತ್ತಿಲ್ಲ.

ಹಕ್ಕುಗಳ ವಿಷಯದಲ್ಲಿ ನಾನು ಬಿಗಿ. ಅದಕ್ಕೆ ಕಾರಣ ಜಾನ್ ಪೊಲಿಡೊರಿ. 1816ರ ಮಳೆ ಹಿಡಿದ ಬೇಸಿಗೆಯಲ್ಲಿ ಜಿನೀವಾ ಸರೋವರದ ದಡದಲ್ಲಿ ಕವಿ ಬೈರನ್ ಜೊತೆಗಿದ್ದ ವೈದ್ಯ ಆತ. ಅಲ್ಲಿ ಹುಟ್ಟಿದ ಅವನ ವ್ಯಾಂಪೈರ್ ಕಥೆ 1819ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು, ಬೈರನ್ ಹೆಸರಿನಲ್ಲಿ. ಬರೆದವನ ಒಪ್ಪಿಗೆಯನ್ನೂ ಕೇಳಿರಲಿಲ್ಲ. ಇಂಗ್ಲಿಷ್ ಗದ್ಯದಲ್ಲಿ ವ್ಯಾಂಪೈರ್‌ಗೆ ದಾರಿ ಮಾಡಿಕೊಟ್ಟವನ ಹೆಸರು ಇಂದಿಗೂ ಬಹಳ ಜನಕ್ಕೆ ತಿಳಿಯದು. ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಹಕ್ಕು ಬರೆದುಕೊಟ್ಟ ಪತ್ರದಲ್ಲಿ ಅವಧಿ ಹೇಳದಿದ್ದರೆ ಅದು 5 ವರ್ಷಕ್ಕೆ ಎಂದು, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಎಂದು ಎಣಿಸಲಾಗುತ್ತದೆ. ಬಾಯಿಮಾತಿನ ಮೇಲೆ ಪುಸ್ತಕ ಕೊಡುವ ಹೊಸಬರಿಗೆ ಇದನ್ನು ಹೇಳುತ್ತಲೇ ಇರುತ್ತೇನೆ. ನಾನಂತೂ ಎಷ್ಟು ಪ್ರತಿ, ಎಷ್ಟು ವರ್ಷ, ಗೌರವಧನ ಯಾವಾಗ ಎಂದು ಬರೆಸಿ, ಆಡಿಯೊ, ಅನುವಾದ, ಸಿನಿಮಾ ಹಕ್ಕುಗಳು ಲೇಖಕಿಯಲ್ಲೇ ಉಳಿಯುತ್ತವೆ ಎಂಬ ಸಾಲು ಸೇರಿದ ಮೇಲೆಯೇ ಸಹಿ ಹಾಕುವುದು.