ಅಮೆರಿಕದ ಕ್ಯಾಂಪಸ್ ಸವಲತ್ತು: ಫೀಸಂತೂ ಕಟ್ಟಿದ್ದೀರಿ, ಬಾಗಿಲು ತಟ್ಟಿ

ನಾನು ಎಂ.ಎಸ್. ಮಾಡುತ್ತಿದ್ದಾಗ ನಮ್ಮ ಅಪಾರ್ಟ್‌ಮೆಂಟಿಗೆ ಮಂಡ್ಯ ಕಡೆಯ ಹುಡುಗಿಯೊಬ್ಬಳು ಬಂದಳು. ಅವರ ಮನೆಯಲ್ಲಿ ಡಿಗ್ರಿ ಮುಗಿಸಿದವಳು ಅವಳೇ ಮೊದಲು. ಎರಡನೇ ಸೆಮಿಸ್ಟರಿನಲ್ಲಿ ಬ್ಯಾಂಕಿನಿಂದ ಬರಬೇಕಿದ್ದ ಸಾಲದ ಕಂತು ತಡವಾಯಿತು. ಮೂರು ವಾರ ಬರೀ ಅನ್ನ, ಉಪ್ಪಿನಕಾಯಿ. ಕ್ಯಾಂಪಸ್‌ನಲ್ಲಿ ಫುಡ್ ಪ್ಯಾಂಟ್ರಿ ಇದೆ, ದಿನಸಿ ಸುಮ್ನೆ ಕೊಡ್ತಾರೆ, ಹೋಗಿ ತಗೊಂಡು ಬಾ ಅಂದೆ.

"ಅಯ್ಯೋ ಬೇಡ ಅಕ್ಕಾ. ಅದು ಇಲ್ಲಿಯ ಬಡವರಿಗೆ ಅಲ್ವಾ? ನಾವು ತಗೊಂಡ್ರೆ ವೀಸಾಗೆ ತೊಂದರೆ ಆಗುತ್ತೆ."

ಇಂಥ ಮಾತನ್ನು ಆಮೇಲೆ ನಾನು ಎಷ್ಟೋ ಜನರಿಂದ ಕೇಳಿದ್ದೇನೆ. ಮೊದಲು ವೀಸಾ ವಿಷಯ ಹೇಳಿಬಿಡುತ್ತೇನೆ. ಸ್ನ್ಯಾಪ್ ಅನ್ನುವುದು ಸರ್ಕಾರದ ಆಹಾರ ಯೋಜನೆ. ಎಫ್-1, ಅಂದರೆ ವಿದ್ಯಾರ್ಥಿ ವೀಸಾದವರು ಅದಕ್ಕೆ ಅರ್ಹರಲ್ಲ, ಅರ್ಜಿ ಹಾಕಲೂಬಾರದು. ಕ್ಯಾಂಪಸ್ ಪ್ಯಾಂಟ್ರಿ ಬೇರೆ. ಅದನ್ನು ನಡೆಸುವುದು ಯೂನಿವರ್ಸಿಟಿ ಅಥವಾ ವಿದ್ಯಾರ್ಥಿಗಳು, ಸಾಮಾನ್ಯವಾಗಿ ಸ್ಟೂಡೆಂಟ್ ಐಡಿ ತೋರಿಸಿದರೆ ಆಯಿತು. ಮಿಶಿಗನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ 1993ರಲ್ಲೇ ವಿದ್ಯಾರ್ಥಿಗಳು ಇಂಥದ್ದೊಂದನ್ನು ಶುರು ಮಾಡಿದ್ದರು. ಈಗ ದೊಡ್ಡ ಕ್ಯಾಂಪಸ್‌ಗಳಲ್ಲಿ ಇದು ಮಾಮೂಲು.

ಇನ್ನು "ಅದು ನಮಗಲ್ಲ" ಅನ್ನುವ ಭಾವನೆ. ಇದು ಅಷ್ಟು ಸುಲಭವಾಗಿ ಬಗೆಹರಿಯುವುದಿಲ್ಲ, ಯಾಕೆಂದರೆ ಅದರಲ್ಲಿ ಅರ್ಧ ನಿಜವೂ ಇದೆ.

ಕ್ಯಾಂಪಸ್ ಸವಲತ್ತಿನ ಮಾತು ಬಂದಾಗ 'ಮೈನಾರಿಟಿ' ಅನ್ನುವ ಪದ ಕಿವಿಗೆ ಬೀಳುತ್ತದೆ. ಅಲ್ಪಸಂಖ್ಯಾತ ಅಂದ ತಕ್ಷಣ ನಮಗೆ ಧರ್ಮ ನೆನಪಾಗುತ್ತದೆ. ಇಲ್ಲಿ ಮೈನಾರಿಟಿ ಅಂದರೆ ಮೊದಲು ಜನಾಂಗ: ಕಪ್ಪು ಜನ, ಲ್ಯಾಟಿನೋಗಳು, ಮೂಲನಿವಾಸಿಗಳು. ಇಲ್ಲಿ ಹುಟ್ಟಿದ ನಮ್ಮ ಮಕ್ಕಳನ್ನು ಏಷ್ಯನ್ ಅಂತ ಲೆಕ್ಕ ಹಾಕುತ್ತಾರೆ. ಎಫ್-1ನಲ್ಲಿ ಬಂದವರನ್ನು ಯಾವ ಜನಾಂಗಕ್ಕೂ ಸೇರಿಸುವುದಿಲ್ಲ. ಸರ್ಕಾರಕ್ಕೆ ಕಳಿಸುವ ಅಂಕಿಅಂಶದಲ್ಲಿ ಅವರಿಗೆ 'ನಾನ್‌ರೆಸಿಡೆಂಟ್' ಅಂತ ಬೇರೆಯದೇ ಕಾಲಂ. ಟ್ರಿಯೋ ಅನ್ನುವ ಫೆಡರಲ್ ಕಾರ್ಯಕ್ರಮ ಇದೆ. ಕಡಿಮೆ ಆದಾಯದವರು, ಅಪ್ಪ ಅಮ್ಮ ಇಬ್ಬರೂ ಡಿಗ್ರಿ ಮಾಡದ 'ಫಸ್ಟ್ ಜೆನ್' ಮಕ್ಕಳು, ಅಂಗವಿಕಲರು, ಇವರಿಗೆ ಪಾಠ, ಸಲಹೆ ಎಲ್ಲ ಕೊಡುತ್ತದೆ. ನಮ್ಮ ಮಂಡ್ಯದ ಹುಡುಗಿ ಅರ್ಥದಲ್ಲಿ ಪಕ್ಕಾ ಫಸ್ಟ್ ಜೆನ್. ಆದರೆ ಟ್ರಿಯೋ ಅವಳಿಗೆ ಸಿಗುವುದಿಲ್ಲ, ವೀಸಾದಲ್ಲಿ ಬಂದ ವಿದ್ಯಾರ್ಥಿಗಳಿಗೆ ಅದು ಇಲ್ಲ. ಎಚ್-4ನಲ್ಲಿ (ಎಚ್-1ಬಿ ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವ ವೀಸಾ) ಬೆಳೆದ ಮಕ್ಕಳಿಗೂ ಫೆಡರಲ್ ನೆರವಿಲ್ಲ. ಆದರೆ ಯೂನಿವರ್ಸಿಟಿ ತನ್ನದೇ ದುಡ್ಡಿನಲ್ಲಿ ನಡೆಸುವ ಫಸ್ಟ್ ಜೆನ್ ಆಫೀಸು, ತುರ್ತು ನೆರವಿನ ನಿಧಿ ಎಷ್ಟೋ ಕಡೆ ಎಲ್ಲರಿಗೂ ಇರುತ್ತವೆ. ಒಂದು ಕಡೆ ಇಲ್ಲ ಅಂದರೆ ಎಲ್ಲ ಕಡೆಯೂ ಇಲ್ಲ ಅಂದುಕೊಳ್ಳಬೇಡಿ. ದುಡ್ಡು ಯಾರದು ಅಂತ ಕೇಳಿ.

ಇತ್ತೀಚೆಗೆ ಈ ಆಫೀಸುಗಳ ಹೆಸರುಗಳೂ ಬದಲಾಗಿವೆ. 2023ರ ಜೂನ್‌ನಲ್ಲಿ ಇಲ್ಲಿಯ ಸುಪ್ರೀಂ ಕೋರ್ಟ್ ಅಡ್ಮಿಶನ್‌ನಲ್ಲಿ ಜನಾಂಗ ನೋಡುವಂತಿಲ್ಲ ಅಂದಿತು. ಟೆಕ್ಸಸ್‌ನಲ್ಲಿ 2024ರ ಜನವರಿಯಿಂದ ಸರ್ಕಾರಿ ಯೂನಿವರ್ಸಿಟಿಗಳು 'ಡೈವರ್ಸಿಟಿ' ಆಫೀಸು ಇಟ್ಟುಕೊಳ್ಳುವಂತಿಲ್ಲ. ಹಾಗಾಗಿ ಸೀನಿಯರ್ ಹೇಳಿದ ಹೆಸರಿನ ಸೆಂಟರ್ ನಿಮಗೆ ಸಿಗದೇ ಇರಬಹುದು. ಬೋರ್ಡಿನ ಹೆಸರಲ್ಲ, ಕೆಲಸದ ಹೆಸರು ಹುಡುಕಿ: ಟ್ಯೂಟರಿಂಗ್, ರೈಟಿಂಗ್ ಸೆಂಟರ್, ಬೇಸಿಕ್ ನೀಡ್ಸ್ (ಊಟ, ವಸತಿಯಂಥ ಅಗತ್ಯಗಳು), ಸ್ಟೂಡೆಂಟ್ ಸಕ್ಸೆಸ್.

ಇಲ್ಲಿಯ ಪದ್ಧತಿಯ ಗುಟ್ಟು ಒಂದೇ: ನೀವು ಕೇಳುವ ತನಕ ಯಾರೂ ಬರುವುದಿಲ್ಲ. ಮಕ್ಕಳನ್ನು ಇಲ್ಲೇ ಬೆಳೆಸಿದ ಅಪ್ಪ ಅಮ್ಮಂದಿರು ಕೂಡ ಇದರಲ್ಲಿ ಎಡವುತ್ತಾರೆ. ಹೈಸ್ಕೂಲು ಮುಗಿಯುವವರೆಗೆ, ಕಲಿಕೆಯ ತೊಂದರೆ ಇರುವ ಮಗುವನ್ನು ಗುರುತಿಸುವುದು ಕಾನೂನಿನ ಪ್ರಕಾರ ಶಾಲೆಯದೇ ಜವಾಬ್ದಾರಿ. ಕಾಲೇಜಿಗೆ ಕಾಲಿಟ್ಟ ದಿನ ಅದು ತಲೆಕೆಳಗಾಗುತ್ತದೆ. ಐಇಪಿ, ಅಂದರೆ ಅಂಥ ಮಗುವಿಗೆ ಶಾಲೆ ಮಾಡಿಕೊಡುವ ವಿಶೇಷ ಕಲಿಕಾ ಯೋಜನೆ, ಅಲ್ಲಿಗೆ ಮುಗಿಯಿತು. ಪರೀಕ್ಷೆಗೆ ಹೆಚ್ಚಿನ ಸಮಯ ಬೇಕಿದ್ದರೆ ವಿದ್ಯಾರ್ಥಿಯೇ ಡಿಸೆಬಿಲಿಟಿ ಆಫೀಸಿಗೆ ಹೋಗಿ, ಕಾಗದಪತ್ರ ಕೊಟ್ಟು ಕೇಳಬೇಕು. ಅಪ್ಪ ಫೋನ್ ಮಾಡಿದರೆ ನಡೆಯುವುದಿಲ್ಲ. ವಿದ್ಯಾರ್ಥಿಯ ದಾಖಲೆಗಳನ್ನು ಗುಟ್ಟಾಗಿಡುವ 1974ರ ಫೆರ್ಪಾ ಕಾನೂನಿನಿಂದಾಗಿ, ಮಗನ ಒಪ್ಪಿಗೆ ಇಲ್ಲದೆ ಅವನ ಗ್ರೇಡನ್ನೂ ಸಾಮಾನ್ಯವಾಗಿ ಹೇಳುವುದಿಲ್ಲ. ಫೀಸ್ ಕಟ್ಟಿದ್ದು ನಾನು ಅಂದರೂ ಅಷ್ಟೇ!

ನನ್ನ ದಡ್ಡತನವನ್ನೂ ಹೇಳಿಕೊಳ್ಳುತ್ತೇನೆ. ಆಫೀಸ್ ಅವರ್ಸ್ ಅಂದರೆ ಪ್ರೊಫೆಸರ್ ಬಾಗಿಲು ಹಾಕಿಕೊಂಡು ತಮ್ಮ ಆಫೀಸ್ ಕೆಲಸ ಮಾಡುವ ಹೊತ್ತು ಅಂದುಕೊಂಡಿದ್ದೆ. ತೊಂದರೆ ಕೊಡಬಾರದು ಅಂತ ಒಂದು ಸೆಮಿಸ್ಟರ್ ಪೂರ್ತಿ ಆ ಕಡೆ ತಲೆ ಹಾಕಲಿಲ್ಲ. ಅದು ನಮಗಾಗಿಯೇ ಇಟ್ಟ ಸಮಯ ಅಂತ ಗೊತ್ತಾಗುವಷ್ಟರಲ್ಲಿ ಬಿ ಮೈನಸ್ ಬಂದಿತ್ತು.

ಇನ್ನೊಂದು ಎಚ್ಚರ. ಮನಸ್ಸು ಕುಗ್ಗಿ ಓದಲಾಗದೆ ಕೋರ್ಸ್ ಬಿಡುವ ಯೋಚನೆ ಬಂದರೆ, ಬಿಡುವ ಮೊದಲು ಇಂಟರ್‌ನ್ಯಾಷನಲ್ ಆಫೀಸಿನ ಡಿಎಸ್‌ಒ (ವಿದೇಶಿ ವಿದ್ಯಾರ್ಥಿಗಳ ವೀಸಾ ವಿಷಯ ನೋಡುವ ಅಧಿಕಾರಿ) ಹತ್ತಿರ ಮಾತಾಡಿ. ಹೇಳದೆ ಕ್ರೆಡಿಟ್ ಕಡಿಮೆ ಮಾಡಿಕೊಂಡರೆ ಎಫ್-1 ಸ್ಟೇಟಸ್ಸೇ ಹೋಗಬಹುದು. ಡಾಕ್ಟರ್ ಅಥವಾ ಲೈಸೆನ್ಸ್ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಪತ್ರ ಕೊಟ್ಟರೆ ಕೋರ್ಸ್ ಕಡಿಮೆ ಮಾಡಿಕೊಳ್ಳಲು ಅವಕಾಶ ಇದೆ, ಒಟ್ಟು 12 ತಿಂಗಳವರೆಗೆ. ತುಂಬಾ ಕಷ್ಟ ಆದ ರಾತ್ರಿ 988ಕ್ಕೆ ಫೋನ್ ಮಾಡಿ, ಅದು ಮನಸ್ಸಿನ ಸಂಕಟಕ್ಕೆ ಇರುವ ತುರ್ತು ಸಹಾಯವಾಣಿ.

ಸರಿ, ಬಾಗಿಲು ಎಲ್ಲಿದೆ ಅಂತ ಗೊತ್ತಾಯಿತು. ಬಾಗಿಲೇ ನಮಗೆ ಹೊಂದದ ಹಾಗೆ ಇದ್ದರೆ?

1962ರಲ್ಲಿ ಎಡ್ ರಾಬರ್ಟ್ಸ್ ಅನ್ನುವವರು ಕ್ಯಾಲಿಫೋರ್ನಿಯಾದ ಬರ್ಕ್‌ಲಿಗೆ ಓದಲು ಬಂದರು. ಹದಿನಾಲ್ಕನೇ ವಯಸ್ಸಿನಲ್ಲಿ ಪೋಲಿಯೋ ಬಂದು ಕತ್ತಿನಿಂದ ಕೆಳಗೆ ಸ್ವಾಧೀನ ತಪ್ಪಿತ್ತು. ಉಸಿರಾಡಲು 'ಐರನ್ ಲಂಗ್' ಅನ್ನುವ ದೊಡ್ಡ ಯಂತ್ರ ಬೇಕಿತ್ತು. ಹಾಸ್ಟೆಲಿನಲ್ಲಿ ಅದಕ್ಕೆ ಜಾಗ ಇಲ್ಲ, ಕ್ಯಾಂಪಸ್‌ನ ಕಾವೆಲ್ ಆಸ್ಪತ್ರೆಯಲ್ಲೇ ವಾಸ. ಅವರ ಹಿಂದೆ ಇನ್ನೂ ಕೆಲವರು ಗಾಲಿಕುರ್ಚಿಯಲ್ಲಿ ಬಂದರು. ತಮ್ಮನ್ನು 'ರೋಲಿಂಗ್ ಕ್ವಾಡ್ಸ್' ಅಂತ ಕರೆದುಕೊಂಡರು. ಈ ಗುಂಪಿನ ಓಡಾಟದಿಂದ 1970ರಲ್ಲಿ ಅಂಗವಿಕಲ ವಿದ್ಯಾರ್ಥಿಗಳ ಕಾರ್ಯಕ್ರಮ ಶುರುವಾಯಿತು. ಅದರಲ್ಲಿ ಏನಿತ್ತು ನೋಡಿ: ಸಹಾಯಕರನ್ನು ಹುಡುಕಿಕೊಡುವುದು, ಮನೆ ಹುಡುಕಿಕೊಡುವುದು, ಗಾಲಿಕುರ್ಚಿ ರಿಪೇರಿ. ರಿಪೇರಿ ಬೇಕು ಅಂತ ಯಾವ ಡೀನ್‌ಗೂ ಹೊಳೆಯುತ್ತಿರಲಿಲ್ಲ. ಕ್ಲಾಸಿಗೆ ಹೋಗುವ ದಾರಿಯಲ್ಲಿ ಚಕ್ರ ಕೈಕೊಟ್ಟವರಿಗೆ ಮಾತ್ರ ಅದು ಗೊತ್ತು.

ಹೀಗೆ ಬಳಸುವವರ ಕಷ್ಟದಿಂದಲೇ ಶುರು ಮಾಡಿ ರೂಪಿಸುವುದಕ್ಕೆ ಈಗ ಡಿಸೈನ್ ಥಿಂಕಿಂಗ್ ಅನ್ನುತ್ತಾರೆ. ಸ್ಟ್ಯಾನ್‌ಫರ್ಡ್‌ನ ಡಿ.ಸ್ಕೂಲ್ ಜನಪ್ರಿಯ ಮಾಡಿದ ಐದು ಹೆಜ್ಜೆ: ಬಳಸುವವರ ಜೊತೆ ಕೂತು ಅವರ ಕಷ್ಟ ತಿಳಿ, ತೊಂದರೆ ನಿಜವಾಗಿ ಏನು ಅಂತ ಬರೆ, ಉಪಾಯ ರಾಶಿ ಹಾಕು, ಅಗ್ಗದ ಮಾದರಿ ಮಾಡು, ಅವರ ಕೈಗೇ ಕೊಟ್ಟು ನೋಡು. ಹೊಲಿಗೆ ಗೊತ್ತಿರುವವರಿಗೆ ಇದರಲ್ಲಿ ಹೊಸದೇನಿಲ್ಲ. ಅಳತೆ ತಗೊಂಡು, ಕಚ್ಚಾ ಹೊಲಿಗೆ ಹಾಕಿ, ತೊಡಿಸಿ ನೋಡಿ, ಆಮೇಲೆ ಮಿಷನ್ ಹೊಲಿಗೆ.

ನಮ್ಮ ಪ್ಯಾಂಟ್ರಿಗೆ ಇದನ್ನೇ ಮಾಡಿದೆವು. ಸ್ಟೂಡೆಂಟ್ ಗವರ್ನಮೆಂಟಿನ ಒಂದು ಸಮಿತಿಯಲ್ಲಿ ನಾವು ನಾಲ್ಕು ಜನ ಇದ್ದೆವು. ಎಲ್ಲರದೂ ಒಂದೇ ರಾಗ: ಪೋಸ್ಟರ್ ಹಾಕೋಣ, ಜನಕ್ಕೆ ಗೊತ್ತಿಲ್ಲ. ಪೋಸ್ಟರ್ ಬದಿಗಿಟ್ಟು ಮೊದಲು ಹನ್ನೊಂದು ವಿದ್ಯಾರ್ಥಿಗಳ ಜೊತೆ ಕೂತು ಮಾತಾಡಿದೆವು. "ಪ್ಯಾಂಟ್ರಿ ಬಳಸ್ತೀರಾ?" ಅಂತ ಕೇಳಲಿಲ್ಲ, ಅದಕ್ಕೆ ಎಲ್ಲರೂ ಮರ್ಯಾದೆಗೆ ಹೂಂ ಅನ್ನುತ್ತಾರೆ. "ಹೋದ ಮಂಗಳವಾರ ರಾತ್ರಿ ಏನು ಊಟ ಮಾಡಿದ್ರಿ?" ಅಂತ ಕೇಳಿದೆವು. ಆಗ ಮಾತು ಬಿಚ್ಚಿಕೊಂಡಿತು.

ಎಲ್ಲರಿಗೂ ಪ್ಯಾಂಟ್ರಿ ಗೊತ್ತಿತ್ತು! ಅದರ ಬಾಗಿಲು ಕೆಫೆಟೇರಿಯಾ ಎದುರಿಗೆ. "ನಾನು ಟಿಎ (ಪ್ರೊಫೆಸರರ ಬೋಧನಾ ಸಹಾಯಕ). ನನ್ನ ಕ್ಲಾಸಿನ ಹುಡುಗ್ರು ಅಲ್ಲೇ ಕೂತಿರ್ತಾರೆ" ಅಂದನೊಬ್ಬ. ಒಳಗೆ ಹೋದರೆ ಫಾರಂನ ಮೊದಲ ಸಾಲೇ ಮನೆಯ ವಾರ್ಷಿಕ ಆದಾಯ, ಡಾಲರಿನಲ್ಲಿ. ನಮ್ಮ ಹುಡುಗಿ ಒಮ್ಮೆ ಹೋಗಿದ್ದಳಂತೆ. ಅಪ್ಪನ ಕಬ್ಬಿನ ದುಡ್ಡನ್ನು ಎಷ್ಟು ಅಂತ ಬರೆಯುವುದು, ಕಾರ್ಖಾನೆ ಇನ್ನೂ ಬಾಕಿ ಇಟ್ಟುಕೊಂಡಿದ್ದನ್ನು ಸೇರಿಸಬೇಕೋ ಬೇಡವೋ ತಿಳಿಯದೆ ವಾಪಸ್ ಬಂದಳು. ನನಗೂ ಹೇಳಿರಲಿಲ್ಲ.

ತೊಂದರೆಯನ್ನು ಹೊಸದಾಗಿ ಬರೆದೆವು: ಗೊತ್ತಿಲ್ಲದೆ ಅಲ್ಲ, ನಾಚಿಕೆಗೆ ಹೋಗುತ್ತಿಲ್ಲ. ಮಾದರಿ ತೀರಾ ಅಗ್ಗದ್ದು. ಫಾರಂನಲ್ಲಿ ಮೂರೇ ಪ್ರಶ್ನೆ: ಐಡಿ ನಂಬರ್, ಎಷ್ಟು ಜನ ಉಣ್ಣುತ್ತೀರಿ, ಏನು ತಿನ್ನುವುದಿಲ್ಲ. ದಿನಸಿಯನ್ನು ಮಾಮೂಲಿ ಬಟ್ಟೆ ಚೀಲದಲ್ಲಿ ಕಟ್ಟಿ ಲೈಬ್ರರಿಯಲ್ಲಿ, ಪುಸ್ತಕ ಕಾಯ್ದಿರಿಸಿದವರು ಬರುವ ಕೌಂಟರಿನಲ್ಲಿ ಇಟ್ಟೆವು. ಮೊದಲ ವಾರ ಎಡವಟ್ಟಾಯಿತು. ವೆಜಿಟೇರಿಯನ್ ಅಂತ ಬರೆದವರಿಗೆಲ್ಲ ಟ್ಯೂನಾ ಡಬ್ಬಿ ಹೋಗಿತ್ತು. ಮೀನು ಮಾಂಸವಲ್ಲ ಅಂತ ಕಟ್ಟಿದವನ ಲೆಕ್ಕ. ಎರಡನೇ ವಾರಕ್ಕೆ ಫಾರಂನಲ್ಲಿ ಹಂದಿ, ದನ, ಮೀನು, ಮೊಟ್ಟೆ ಎಲ್ಲ ಬೇರೆ ಬೇರೆ ಬಂದವು.

ನೀವೂ ಮಾಡುವುದಾದರೆ ಎರಡು ಮಾತು. ಸಹಿ ಹಾಕುವವರನ್ನು ಮೊದಲ ದಿನವೇ ಕೂರಿಸಿಕೊಳ್ಳಿ. ಡಿಸೈನ್ ಥಿಂಕಿಂಗ್ ಹೆಸರಿನಲ್ಲಿ ಗೋಡೆ ತುಂಬ ಬಣ್ಣದ ಚೀಟಿ ಅಂಟಿಸಿ, ಪಿಜ್ಜಾ ತಿಂದು ಎದ್ದು ಹೋದ ಕಾರ್ಯಾಗಾರಗಳನ್ನು ಬೇಕಾದಷ್ಟು ನೋಡಿದ್ದೇನೆ. ಬಜೆಟ್ ಕೈಯಲ್ಲಿದ್ದವರು ಆ ಕೋಣೆಯಲ್ಲೇ ಇರಲಿಲ್ಲ. ಎರಡನೆಯದು, ಜನರಿಂದ ಕೇಳಿದ್ದನ್ನು ಸಂಶೋಧನೆ ಅಂತ ಪ್ರಕಟಿಸುವ ಆಸೆ ಇದ್ದರೆ ಮಾತಾಡಿಸುವ ಮೊದಲೇ ಐಆರ್‌ಬಿ ಅನ್ನುವ, ಸಂಶೋಧನೆಯಿಂದ ಜನರಿಗೆ ತೊಂದರೆಯಾಗದಂತೆ ನೋಡುವ ಸಮಿತಿಯನ್ನು ವಿಚಾರಿಸಿ. ಆಮೇಲೆ ಕೇಳಿದರೆ ಪ್ರಯೋಜನವಿಲ್ಲ.

ಸಾಲದ ದುಡ್ಡು ಬಂದ ಮೇಲೆ ನಮ್ಮ ಹುಡುಗಿ ಗುರುವಾರ ಚೀಲ ಕಟ್ಟಲು ಬರತೊಡಗಿದಳು. ಪ್ಯಾಂಟ್ರಿಯವರು ಏನೇನು ತರಿಸಬೇಕು ಅಂತ ಪಟ್ಟಿ ಕೊಟ್ಟರೆ 'ಲೆಂಟಿಲ್ಸ್' ಅನ್ನುವುದನ್ನು ಹೊಡೆದುಹಾಕಿ 'ತೂರ್ ದಾಲ್' ಅಂತ ಬರೆದಳು. "ಬರೀ ಲೆಂಟಿಲ್ಸ್ ಅಂದ್ರೆ ಆ ಹಸಿರು ಕಾಳು ತರ್ತಾರೆ ಅಕ್ಕಾ. ಅದು ಸಾರಿಗೆ ಬರಲ್ಲ."